ಗುಂಡಿಗೆಯ ಸುಣ್ಣ

ಸುಣ್ಣವೆಂದೊಡನೆ ನಮಗೆ ನೆನಪಾಗುವುದು ವೀಳ್ಯದೆಲೆ, ಇಲ್ಲವೇ ಹಬ್ಬಕ್ಕೆ ಮುಂಚೆ ಬಳಿಯುವ ಗೋಡೆ. ಸ್ವಲ್ಪ ಓದಿದವರು ಎಲುಬು, ಹಲ್ಲು ಎಂದಾರು. ಗುಂಡಿಗೆಗೂ ಸುಣ್ಣಕ್ಕೂ ನಂಟುಂಟೆಂದರೆ ಕೂಡಲೇ ನಂಬುವವರು ಕಡಮೆ. ಆದರೆ ಸುಣ್ಣದ ತಿರುಳಾದ ಕ್ಯಾಲ್ಸಿಯಂ ಇಲ್ಲದೆ ಗುಂಡಿಗೆ ಒಂದು ಸಲವೂ ಬಡಿಯಲಾರದು. ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಈ ಯಂತ್ರದಲ್ಲಿ ಪ್ರತಿ ಬಡಿತಕ್ಕೂ ಕ್ಯಾಲ್ಸಿಯಂ ಒಮ್ಮೆ ಹೊರಬರಬೇಕು, ಒಮ್ಮೆ ಒಳಸೇರಬೇಕು. ಬಂದುದು ಹೋಗದಿದ್ದರೂ ಕೇಡು, ಹೋದುದು ಬಾರದಿದ್ದರೂ ಕೇಡು.

ಈ ಸಲ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ನಮ್ಮ ಬಳಗದ ಮನೆಗಳಲ್ಲಿ ಎರಡು ಪ್ರಶ್ನೆಗಳು ಪದೇ ಪದೇ ಕೇಳಿಬರುತ್ತವೆ. ಮೊದಲನೆಯದು ಗುಳಿಗೆಯದು: "ರಕ್ತದ ಒತ್ತಡಕ್ಕೆಂದು ಡಾಕ್ಟರು ಬರೆದುಕೊಟ್ಟ ಆಮ್ಲೋಡಿಪಿನ್ ಗುಳಿಗೆ ಕ್ಯಾಲ್ಸಿಯಮ್ಮನ್ನು ತಡೆಯುವುದಂತೆ, ಮೊಣಕಾಲಿಗೆಂದು ಬರೆದುಕೊಟ್ಟ ಗುಳಿಗೆಯೋ ಕ್ಯಾಲ್ಸಿಯಮ್ಮೇ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡಂತೆ ಆಗಲಿಲ್ಲವೇ?" ಎರಡನೆಯದು ಟು-ಡಿ ಎಕೊ ಪರೀಕ್ಷೆಯ ಕಾಗದದ್ದು. ಅರುವತ್ತು ದಾಟಿದವರ ಕಾಗದಗಳಲ್ಲಿ "ಗ್ರೇಡ್ ಒಂದು ಡಯಾಸ್ಟಾಲಿಕ್ ಡಿಸ್‌ಫಂಕ್ಷನ್" ಎಂಬ ಸಾಲು ಬಹಳ ಕಡೆ ಕಾಣುತ್ತದೆ. ಕೇಳಿದರೆ, "ಗುಂಡಿಗೆ ಚೆನ್ನಾಗಿಯೇ ಕುಗ್ಗುತ್ತದೆ, ಸಡಿಲಗೊಳ್ಳುವುದು ಮಾತ್ರ ಕೊಂಚ ನಿಧಾನ" ಎನ್ನುತ್ತಾರೆ. ಕುಗ್ಗುವುದೇನೋ ಕೆಲಸ, ಒಪ್ಪೋಣ. ಸಡಿಲಗೊಳ್ಳುವುದೂ ಒಂದು ಕೆಲಸವೇ ಎಂದು ಮನೆಯವರು ಬೆರಗಾಗುತ್ತಾರೆ.

ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಗುಂಡಿಗೆಯ ಜೀವಕೋಶಗಳ ತೆಳುವಾದ ಪೊರೆಗಳಲ್ಲಿ ನೆಟ್ಟುಕೊಂಡು ಕ್ಯಾಲ್ಸಿಯಮ್ಮನ್ನು ಬಿಡುವ, ಎತ್ತುವ, ತಡೆಯುವ ಪ್ರೋಟೀನುಗಳಿವೆ. ಅವನ್ನು ಒಂದೊಂದಾಗಿ ಪೊರೆಯಿಂದ ಬಿಡಿಸಿ ತೆಗೆದು, ಯಾವುದರ ಕೆಲಸ ಯಾವುದೆಂದು ಗೊತ್ತುಮಾಡಲು ವಿಜ್ಞಾನಿಗಳು ಹಲವು ದಶಕ ಬೆವರು ಸುರಿಸಬೇಕಾಯಿತು. ಆ ಬೆವರಿನ ಕಥೆಯನ್ನು ತಿಳಿದರೆ ಕೈಯಲ್ಲಿರುವ ಗುಳಿಗೆಯೂ ಕಾಗದವೂ ತಾವಾಗಿಯೇ ಅರ್ಥವಾಗುತ್ತವೆ.

ಕಥೆ ಮೊದಲಾಗುವುದು ನಲ್ಲಿಯ ನೀರಿನಿಂದ. 1880ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಎಂಬವರು ಕಪ್ಪೆಯ ಗುಂಡಿಗೆಯನ್ನು ಉಪ್ಪುನೀರಿನಲ್ಲಿಟ್ಟು ಅದರ ಬಡಿತವನ್ನು ಗಮನಿಸುತ್ತಿದ್ದರು. ಬರಿಯ ಉಪ್ಪುನೀರಿನಲ್ಲಿಯೇ ಗುಂಡಿಗೆ ಬಹಳ ಹೊತ್ತು ಬಡಿಯುತ್ತದೆಂದು ಅವರಿಗೆ ತೋರಿತ್ತು. ಆಮೇಲೆ ತಿಳಿದುಬಂದುದೇನೆಂದರೆ, ಆ ಉಪ್ಪುನೀರನ್ನು ಭಟ್ಟಿ ಇಳಿಸಿದ ನೀರಿನಿಂದ ಮಾಡಿರಲಿಲ್ಲ, ಊರಿಗೆ ನೀರು ಕೊಡುವ ಕಂಪನಿಯ ಕೊಳವೆಯ ನೀರಿನಿಂದ ಮಾಡಲಾಗಿತ್ತು. ಶುದ್ಧವಾದ ಭಟ್ಟಿಯ ನೀರಿನಿಂದ ಮಾಡಿ ನೋಡಿದರು. ಗುಂಡಿಗೆ ಬೇಗನೆ ಸೋತು ನಿಂತಿತು. ಕೊಳವೆಯ ನೀರಿನಲ್ಲಿ ಇದ್ದು ಭಟ್ಟಿಯ ನೀರಿನಲ್ಲಿ ಇಲ್ಲದ ವಸ್ತುಗಳಲ್ಲಿ ಮುಖ್ಯವಾದುದು ಕ್ಯಾಲ್ಸಿಯಂ. ಅದನ್ನು ಚೂರು ಬೆರೆಸಿದರೆ ಗುಂಡಿಗೆ ಮತ್ತೆ ಬಡಿಯಿತು. 1883ರಲ್ಲಿ ರಿಂಗರ್ ಇದನ್ನು ಪ್ರಕಟಿಸಿದರು. ಡೊಂಬಿವಲಿ-ಕಲ್ಯಾಣಗಳಲ್ಲಿ ನಾವು ಕುಡಿಯುವ ಉಲ್ಹಾಸ ನದಿಯ ನೀರಿನಲ್ಲಾಗಲಿ, ನವಿಮುಂಬಯಿಯವರು ಕುಡಿಯುವ ಮೋರ್ಬೆ ಅಣೆಕಟ್ಟಿನ ನೀರಿನಲ್ಲಾಗಲಿ ಈ ಸುಣ್ಣದ ಅಂಶ ಕರಗಿಯೇ ಇರುತ್ತದೆ. ಆಸ್ಪತ್ರೆಯಲ್ಲಿ ನೆಂಟರ ಹಾಸಿಗೆಯ ಬಳಿ ತೂಗುವ "ಆರ್.ಎಲ್." ಬಾಟಲಿಯನ್ನು ನೋಡದವರಿಲ್ಲ. ಅದರ ಮೊದಲಕ್ಷರ ಈ ರಿಂಗರ್ ಮಹಾಶಯರ ಹೆಸರೇ. ಅದರಲ್ಲಿ ಇಂದಿಗೂ ಒಂದಿಷ್ಟು ಕ್ಯಾಲ್ಸಿಯಂ ಇರುತ್ತದೆ.

ಕ್ಯಾಲ್ಸಿಯಂ ಬೇಕು ಎಂಬುದೇನೋ ತಿಳಿಯಿತು. ಅದು ಮಾಡುವ ಕೆಲಸವೇನು? ಇದನ್ನು ತಿಳಿಯಲು ನಮ್ಮ ಹೌಸಿಂಗ್ ಸೊಸೈಟಿಯ ನೀರಿನ ವ್ಯವಸ್ಥೆಯನ್ನು ನೆನೆದುಕೊಂಡರೆ ಸಾಕು. ಮೇಲೆ ಒಂದು ಟಾಂಕಿ, ಅದಕ್ಕೊಂದು ವಾಲ್ವು, ಕೆಳಗೆ ಒಂದು ಪಂಪು. ಗುಂಡಿಗೆಯ ಸ್ನಾಯುವಿನ ಒಂದೊಂದು ಜೀವಕೋಶದೊಳಗೂ ಪೊರೆಯಿಂದಲೇ ಆದ ಒಂದು ಟಾಂಕಿ ಬಲೆಯಂತೆ ಹಬ್ಬಿಕೊಂಡಿದೆ. ಅದರ ತುಂಬ ಕ್ಯಾಲ್ಸಿಯಂ. ಟಾಂಕಿಯ ಹೊರಗೆ, ಕೋಶದ ಅಂಗಳದಲ್ಲಿ, ವಿಶ್ರಾಂತಿಯ ವೇಳೆ ಕ್ಯಾಲ್ಸಿಯಂ ಇಲ್ಲವೆಂಬಷ್ಟು ಕಡಮೆ. ರಕ್ತದಲ್ಲಿರುವುದರ ಸುಮಾರು 10,000ದಲ್ಲಿ ಒಂದು ಪಾಲು. ವಿದ್ಯುತ್ತಿನ ಅಲೆಯೊಂದು ಕೋಶದ ಹೊರಪೊರೆಯನ್ನು ಮುಟ್ಟಿದೊಡನೆ ಅಲ್ಲಿನ ಚಿಕ್ಕ ಬಾಗಿಲು ತೆರೆದು ಹೊರಗಿನಿಂದ ಸ್ವಲ್ಪ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಈ ಸ್ವಲ್ಪವು ಟಾಂಕಿಯ ದೊಡ್ಡ ವಾಲ್ವನ್ನು ತೆರೆಸುತ್ತದೆ. ಅದರಿಂದ ಹೆಚ್ಚಿನ ಪಾಲು ಅಂಗಳಕ್ಕೆ ಧುಮುಕುತ್ತದೆ. ಸ್ನಾಯುವಿನ ಎಳೆಗಳು ಅದನ್ನು ಕಂಡು ಒಂದರೊಳಗೊಂದು ಸರಿಯುತ್ತವೆ. ಗುಂಡಿಗೆ ಕುಗ್ಗುತ್ತದೆ, ರಕ್ತ ಚಿಮ್ಮುತ್ತದೆ.

ಇಷ್ಟಕ್ಕೇ ನಿಂತರೆ ಗುಂಡಿಗೆ ಮುಷ್ಟಿ ಬಿಗಿದಂತೆಯೇ ಉಳಿದೀತು. ಆದುದರಿಂದ ಅಂಗಳಕ್ಕೆ ಬಂದುದನ್ನು ಕೂಡಲೇ ಎತ್ತಬೇಕು. ಟಾಂಕಿಯ ಪೊರೆಯಲ್ಲಿರುವ ಪಂಪು ಮನುಷ್ಯನ ಗುಂಡಿಗೆಯಲ್ಲಿ ಹತ್ತರಲ್ಲಿ ಸುಮಾರು ಏಳು ಪಾಲನ್ನು ಮರಳಿ ಟಾಂಕಿಗೆ ತುಂಬುತ್ತದೆ. ಉಳಿದುದನ್ನು ಬಹುಮಟ್ಟಿಗೆ ಹೊರಪೊರೆಯ ಇನ್ನೊಂದು ಪ್ರೋಟೀನು ಸೋಡಿಯಮ್ಮಿಗೆ ಬದಲಾಗಿ ಕೋಶದಿಂದಾಚೆಗೆ ತಳ್ಳುತ್ತದೆ. ನೀರನ್ನು ಮೇಲೆ ಎತ್ತಲು ಕರೆಂಟು ಬೇಕಷ್ಟೆ. ಇಲ್ಲಿಯ ಕರೆಂಟು ಎ.ಟಿ.ಪಿ. ಎಂಬ ರಾಸಾಯನಿಕ. ಒಂದು ಎ.ಟಿ.ಪಿ. ಅಣು ಖರ್ಚಾದರೆ ಎರಡು ಕ್ಯಾಲ್ಸಿಯಂ ಕಣಗಳು ಮೇಲೇರುತ್ತವೆ. ಹೀಗೆ ನೋಡಿದರೆ ಗುಂಡಿಗೆಯ ವಿಶ್ರಾಂತಿಯೂ ದುಡಿಮೆಯೇ. ಸಡಿಲಗೊಳ್ಳುವುದಕ್ಕೂ ಬೆಲೆ ತೆರಬೇಕು.

ಇದೆಲ್ಲ ಇಂದು ಶಾಲೆಯ ಹುಡುಗರೂ ಓದುವ ಪಾಠ. ಆದರೆ ಟಾಂಕಿ ಇದೆ, ವಾಲ್ವು ಇದೆ, ಪಂಪು ಇದೆ ಎಂದು ಕಂಡುಕೊಂಡದ್ದು ಹೇಗೆ? ಗುಂಡಿಗೆಯ ಸ್ನಾಯುವಿನಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ಒತ್ತಿಕೊಂಡಿವೆ. ಜಾತ್ರೆಯ ಗದ್ದಲದಲ್ಲಿ ಹಾಡುತ್ತಿರುವವರು ಯಾರೆಂದು ತಿಳಿಯಬೇಕಾದರೆ ಅವರನ್ನು ಪಕ್ಕಕ್ಕೆ ಕರೆದು ಒಬ್ಬರನ್ನೇ ಹಾಡಿಸಿ ನೋಡಬೇಕು. ಪ್ರೋಟೀನನ್ನು ಬೇರ್ಪಡಿಸುವುದೆಂದರೆ ಇದೇ.

ನೀರಿನಲ್ಲಿ ಕರಗುವ ಪ್ರೋಟೀನಾದರೆ ಕಷ್ಟವಿಲ್ಲ. ಪೊರೆಯ ಪ್ರೋಟೀನಿನ ಸ್ವಭಾವ ಬೇರೆ. ಪೊರೆಯೆಂದರೆ ಎರಡು ಪದರದ ಕೊಬ್ಬು. ಅದರಲ್ಲಿ ಹುದುಗಿರುವ ಪ್ರೋಟೀನಿನ ನಡುಭಾಗವೂ ಎಣ್ಣೆಯನ್ನೇ ಬಯಸುವಂಥದು. ಅದನ್ನು ಬಲವಂತವಾಗಿ ನೀರಿಗೆ ತಂದರೆ ಒಂದಕ್ಕೊಂದು ಅಂಟಿಕೊಂಡು ಒಡೆದ ಹಾಲಿನಂತೆ ಗಟ್ಟಿಗಟ್ಟುತ್ತದೆ, ಕೆಲಸಕ್ಕೆ ಬಾರದು.

ಪ್ರಯೋಗಶಾಲೆಯಲ್ಲಿ ನಡೆಯುವುದನ್ನು ಸ್ಥೂಲವಾಗಿ ಹೇಳುತ್ತೇವೆ. ಹಂದಿಯದೋ ದನದದೋ ನಾಯಿಯದೋ ಹಸಿಯ ಗುಂಡಿಗೆಯನ್ನು ಮಂಜುಗಡ್ಡೆಯಲ್ಲಿಟ್ಟು ತರುತ್ತಾರೆ. ಕೊಬ್ಬು, ನಾರು ತೆಗೆದು, ಸಣ್ಣಗೆ ಹೆಚ್ಚಿ, ತಣ್ಣಗಿನ ದ್ರಾವಣದಲ್ಲಿ ನುಣ್ಣಗೆ ರುಬ್ಬುತ್ತಾರೆ. ಎಲ್ಲವೂ ಸುಮಾರು 4 ಡಿಗ್ರಿ ತಂಪಿನಲ್ಲಿಯೇ ನಡೆಯಬೇಕು. ಇಲ್ಲವಾದರೆ ಸ್ನಾಯುವಿನೊಳಗಿನ ಜೀರ್ಣಕಾರಕ ರಸಗಳೇ ಬೇಕಾದ ಪ್ರೋಟೀನನ್ನು ತಿಂದುಹಾಕುತ್ತವೆ. ಹೀಗೆ ರುಬ್ಬುವಾಗ ಪೊರೆಗಳು ಹರಿಯುತ್ತವೆ. ಹರಿದ ತುಂಡುಗಳು ತಾವಾಗಿಯೇ ಅಂಚು ಕೂಡಿಸಿಕೊಂಡು ಅತಿ ಸಣ್ಣ ಗುಳ್ಳೆಗಳಾಗುತ್ತವೆ. ಟಾಂಕಿ ಒಡೆದು ಸಾವಿರಾರು ಪುಟ್ಟ ಟಾಂಕಿಗಳಾದಂತೆ. ಅದೃಷ್ಟವೆಂದರೆ ಆ ಪುಟ್ಟ ಟಾಂಕಿಗಳಲ್ಲಿ ಪಂಪು ಇನ್ನೂ ಜೀವಂತವಾಗಿರುತ್ತದೆ.

ಮುಂದೆ ಗರಗರನೆ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರ. ಮಜ್ಜಿಗೆ ಕಡೆದರೆ ಬೆಣ್ಣೆ ಮೇಲೆ ಬರುವಂತೆ, ಇಲ್ಲಿ ಭಾರವಾದುದು ತಳಕ್ಕೆ ಕೂರುತ್ತದೆ. ಮೊದಲು ಭೂಮಿಯ ಸೆಳೆತದ 10,000 ಪಟ್ಟು ಬಲದಲ್ಲಿ ತಿರುಗಿಸಿದರೆ ದೊಡ್ಡ ತುಣುಕುಗಳು ಕೆಳಗಿಳಿಯುತ್ತವೆ. ಮೇಲಿನ ತಿಳಿಯನ್ನು ತೆಗೆದು 1,00,000 ಪಟ್ಟು ಬಲದಲ್ಲಿ ತಿರುಗಿಸಿದರೆ ನಮಗೆ ಬೇಕಾದ ಗುಳ್ಳೆಗಳು ತಳದಲ್ಲಿ ಸಿಕ್ಕುತ್ತವೆ. ಅಂಟಿಬಂದ ಸ್ನಾಯುವಿನ ಎಳೆಗಳನ್ನು ಗಾಢವಾದ ಉಪ್ಪುನೀರಿನಲ್ಲಿ ತೊಳೆದು ಕಳೆಯುತ್ತಾರೆ. 1961ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಹಾಸೆಲ್‌ಬಾಖ್ ಮತ್ತು ಮಾಕಿನೋಸೆ ಎಂಬ ಇಬ್ಬರು ಇಂಥ ಗುಳ್ಳೆಗಳಿಗೆ ಎ.ಟಿ.ಪಿ. ಕೊಟ್ಟು, ಅವು ಹೊರಗಿನ ಕ್ಯಾಲ್ಸಿಯಮ್ಮನ್ನು ಹೀರಿಕೊಳ್ಳುವುದನ್ನು ತೋರಿಸಿದರು. ಅದೇ ವೇಳೆಗೆ ಟೋಕಿಯೋದ ಎಬಾಷಿ ಎಂಬವರೂ ಬೇರೆ ದಾರಿಯಿಂದ ಅದೇ ನಿರ್ಣಯಕ್ಕೆ ಬಂದಿದ್ದರು. ಸ್ನಾಯು ಸಡಿಲವಾಗುವುದು ಕ್ಯಾಲ್ಸಿಯಂ ಮರಳಿ ಒಳಸೇರುವುದರಿಂದ ಎಂಬುದು ಅಲ್ಲಿಗೆ ಸಿದ್ಧವಾಯಿತು.

ಗುಳ್ಳೆ ಸಿಕ್ಕಿತು, ಇನ್ನು ಅದರೊಳಗಿನ ಪಂಪನ್ನು ಬಿಡಿಸಬೇಕು. ಇದಕ್ಕೆ ಬೇಕಾದುದು ಸೋಪು. ಎಣ್ಣೆಸ್ನಾನದ ದಿನ ಸೀಗೆಕಾಯಿ, ಅಂಟುವಾಳ ಮಾಡುವ ಕೆಲಸವನ್ನೇ ಇಲ್ಲಿ ಸೋಪಿನಂಥ ರಾಸಾಯನಿಕಗಳು ಮಾಡುತ್ತವೆ. ಒಂದು ತುದಿಯಿಂದ ಕೊಬ್ಬನ್ನು ಹಿಡಿದು ಇನ್ನೊಂದು ತುದಿಯಿಂದ ನೀರಿಗೆ ಒಗ್ಗಿ, ಪೊರೆಯನ್ನು ಕರಗಿಸಿ ಪ್ರೋಟೀನನ್ನು ಹೊರತರುತ್ತವೆ. ಆದರೆ ಅಳತೆಯೇ ಪ್ರಾಣ. ಸೋಪು ಕಡಮೆಯಾದರೆ ಪ್ರೋಟೀನು ಬಿಟ್ಟುಬಾರದು. ಹೆಚ್ಚಾದರೆ ಬಂದೀತು, ಸತ್ತು ಬಂದೀತು. ಟೊರೊಂಟೋದ ಡೇವಿಡ್ ಮೆಕ್ಲೆನನ್ 1970ರಲ್ಲಿ ಮೊಲದ ಕಾಲಿನ ಸ್ನಾಯುವಿನಿಂದ ಈ ಪಂಪನ್ನು ಶುದ್ಧವಾಗಿ ಬೇರ್ಪಡಿಸಿದಾಗ ಬಳಸಿದ್ದು ಪಿತ್ತರಸದ ಒಂದು ಲವಣವನ್ನು. ನಾವು ತಿಂದ ತುಪ್ಪವನ್ನು ಹೊಟ್ಟೆಯಲ್ಲಿ ಕರಗಿಸುವುದೂ ಪಿತ್ತದ ಲವಣಗಳೇ. ಮೊಲದ ಸ್ನಾಯುವನ್ನು ಆರಿಸಿದ್ದಕ್ಕೂ ಕಾರಣವಿತ್ತು. ಅದರ ಟಾಂಕಿಯ ಪೊರೆಯಲ್ಲಿ ಹೆಚ್ಚಿನ ಪಾಲು ಈ ಪಂಪೇ. ಗುಂಡಿಗೆಯಲ್ಲಿ ಅದು ಅಷ್ಟು ಸಮೃದ್ಧವಾಗಿಲ್ಲ, ಜೊತೆಗಾರರೂ ಹೆಚ್ಚು. ಅದಕ್ಕಾಗಿಯೇ ಗುಂಡಿಗೆಯ ಕೆಲಸ ಹೆಚ್ಚು ತಾಳ್ಮೆಯದು.

ಬೇರ್ಪಡಿಸಿದ್ದು ಬದುಕಿದೆಯೋ ಸತ್ತಿದೆಯೋ ಎಂದು ನೋಡುವ ಬಗೆಯಲ್ಲಿ ನಮ್ಮ ದೇಶದವರೊಬ್ಬರ ಹೆಸರು ಬರುತ್ತದೆ. ಪಂಪು ಕೆಲಸ ಮಾಡಿದರೆ ಎ.ಟಿ.ಪಿ. ಒಡೆದು ಫಾಸ್ಫೇಟು ಹೊರಬೀಳಬೇಕು. ಅದನ್ನು ಅಳೆಯಲು ಬಹುಕಾಲ ಪ್ರಯೋಗಶಾಲೆಗಳೆಲ್ಲ ನೆಚ್ಚಿದ್ದು ಫಿಸ್ಕೆ-ಸುಬ್ಬರಾವ್ ವಿಧಾನವನ್ನು. ಫಾಸ್ಫೇಟು ಇದ್ದಷ್ಟೂ ದ್ರಾವಣ ನೀಲಿಗಟ್ಟುತ್ತದೆ. ನೀಲಿಯನ್ನು ಅಳೆದರೆ ಲೆಕ್ಕ ಸಿಕ್ಕಿತು. ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಓದಿ, ಅಮೆರಿಕದ ಹಾರ್ವರ್ಡಿಗೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರು ಫಿಸ್ಕೆಯವರೊಡನೆ 1925ರಲ್ಲಿ ಇದನ್ನು ಪ್ರಕಟಿಸಿದರು. 1929ರಲ್ಲಿ ಅದೇ ಇಬ್ಬರು ಸ್ನಾಯುವಿನಲ್ಲಿ ಎ.ಟಿ.ಪಿ.ಯನ್ನೇ ಕಂಡುಹಿಡಿದರು, ಜರ್ಮನಿಯ ಲೋಮನ್ ಎಂಬವರೂ ಅದೇ ವರ್ಷ ಕಂಡರು. ಪಂಪಿನ ಕರೆಂಟನ್ನು ಗುರುತಿಸಿದವರೂ ಅದರ ಮೀಟರನ್ನು ಮಾಡಿಕೊಟ್ಟವರೂ ಒಬ್ಬರೇ ಎಂದಾಯಿತು. 1948ರಲ್ಲಿ ತೀರಿಕೊಂಡ ಈ ಮಹನೀಯರ ಹೆಸರು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ಫಾಸ್ಫೇಟು ಬಿದ್ದರೆ ಮಾತ್ರ ಸಾಲದು. ಪಂಪೆನಿಸಿಕೊಳ್ಳಬೇಕಾದರೆ ಕ್ಯಾಲ್ಸಿಯಮ್ಮನ್ನು ಎತ್ತಿಯೇ ತೋರಿಸಬೇಕು. ಇದಕ್ಕಾಗಿ ಎಫ್ರಾಯಿಮ್ ರ‍್ಯಾಕರ್ ಎಂಬವರು 1972ರಲ್ಲಿ ಶುದ್ಧ ಪಂಪನ್ನು ಕೊಬ್ಬಿನೊಡನೆ ಬೆರೆಸಿ, ಹೊಸದಾಗಿ ಗುಳ್ಳೆಗಳನ್ನು ಕಟ್ಟಿ, ಅದು ಮತ್ತೆ ಕ್ಯಾಲ್ಸಿಯಂ ಎತ್ತುವುದನ್ನು ತೋರಿಸಿದರು. ಎರಡು ವರ್ಷದ ಮೇಲೆ ಕೇಂಬ್ರಿಜ್‌ನವರು ಇನ್ನೊಂದು ಮಾತನ್ನು ಖಚಿತಪಡಿಸಿದರು: ಪ್ರತಿ ಪಂಪಿನ ಸುತ್ತಲೂ ಸುಮಾರು 30 ಕೊಬ್ಬಿನ ಅಣುಗಳ ಬಳೆಯೊಂದು ಉಳಿದಿದ್ದರೇ ಅದು ಕೆಲಸ ಮಾಡುವುದು, ಅದನ್ನೂ ಸುಲಿದರೆ ನಿಂತುಹೋಗುವುದು. ಉಡುಪಿ, ಧಾರವಾಡ, ಹಾಸನಗಳಿಂದ ಹೊರಟು ಇಲ್ಲಿ ನೆಲೆನಿಂತ ನಮ್ಮವರಿಗೆ ಇದರಲ್ಲಿ ಹೊಸತೇನೂ ಕಾಣಲಾರದು. ಊರು ಬಿಟ್ಟರೂ ಸುತ್ತ ನಾಲ್ಕು ಮಂದಿ ನಮ್ಮ ಮಾತಿನವರು ಬೇಕೆಂದೇ ಅಲ್ಲವೇ ಸಂಘ ಕಟ್ಟಿದ್ದು!

ಪಂಪಿನ ಮೇಲೆ ಕೈಯಿಟ್ಟು ಕೂತಿರುವ ಒಬ್ಬ ಕಾವಲುಗಾರನೂ ಉಂಟು. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ತಾದಾ, ಕಿರ್ಶ್‌ಬರ್ಗರ್, ಕ್ಯಾಟ್ಜ್ ಎಂಬವರು ಗುಂಡಿಗೆಯ ಗುಳ್ಳೆಗಳಲ್ಲಿ ಫಾಸ್ಫೇಟನ್ನು ಹಿಡಿದುಕೊಳ್ಳುವ ಒಂದು ಪುಟ್ಟ ಪ್ರೋಟೀನನ್ನು ಕಂಡು ಅದಕ್ಕೆ ಫಾಸ್ಫೊಲ್ಯಾಂಬಾನ್ ಎಂದು ಹೆಸರಿಟ್ಟರು. ಪಂಪು ಸುಮಾರು 1,000 ಕೊಂಡಿಗಳ ಸರಪಳಿಯಾದರೆ ಇದು ಕೇವಲ 52 ಕೊಂಡಿಗಳದು. ಸುಮ್ಮನಿದ್ದಾಗ ಇದು ಪಂಪಿನ ವೇಗವನ್ನು ತಗ್ಗಿಸಿ ಹಿಡಿಯುತ್ತದೆ. ಈಗ ಡೊಂಬಿವಲಿ ಸ್ಟೇಷನ್ನನ್ನು ನೆನೆದುಕೊಳ್ಳಿ. ಫಾಸ್ಟ್ ಲೋಕಲ್ ಬಂದು ನಿಂತಿದೆ, ನೀವಿನ್ನೂ ಸೇತುವೆಯ ಮೇಲಿದ್ದೀರಿ. ಓಡುತ್ತೀರಿ. ಅಡ್ರಿನಾಲಿನ್ ಹರಿದು, ಕಾವಲುಗಾರನಿಗೆ ಫಾಸ್ಫೇಟು ತಗಲಿ, ಅವನು ಕೈ ತೆಗೆಯುತ್ತಾನೆ. ಪಂಪು ಜೋರಾಗಿ ಓಡುತ್ತದೆ. ಅಂಗಳ ಬೇಗ ಖಾಲಿಯಾಗುವುದರಿಂದ ಗುಂಡಿಗೆ ಬೇಗ ಸಡಿಲವಾಗಿ, ರಕ್ತ ತುಂಬಿಕೊಂಡು, ಮುಂದಿನ ಬಡಿತಕ್ಕೆ ಸಿದ್ಧವಾಗುತ್ತದೆ. ಟಾಂಕಿ ಚೆನ್ನಾಗಿ ತುಂಬಿರುವುದರಿಂದ ಆ ಬಡಿತವೂ ಬಲವಾಗಿರುತ್ತದೆ. ಬರಿಯ ವೇಗ ಹೆಚ್ಚಿ ಸಡಿಲಿಕೆ ಹೆಚ್ಚದಿದ್ದರೆ ಗುಂಡಿಗೆ ತುಂಬಲು ಸಮಯವೇ ಸಿಕ್ಕದೆ ಹೋಗುತ್ತಿತ್ತು.

ವಾಲ್ವನ್ನು ಹಿಡಿದದ್ದು ಒಂದು ವಿಷದ ಗಾಳ ಹಾಕಿ. ದಕ್ಷಿಣ ಅಮೆರಿಕದ ಒಂದು ಗಿಡದಲ್ಲಿ ರಯನೊಡಿನ್ ಎಂಬ ವಿಷವಿದೆ. ಹಿಂದೆ ಆ ಗಿಡವನ್ನು ಹುಳು ಕೊಲ್ಲಲು ಬಳಸುತ್ತಿದ್ದರು. ಆ ವಿಷ ಟಾಂಕಿಯ ವಾಲ್ವಿಗೇ ಬಿಗಿಯಾಗಿ ಅಂಟುತ್ತದೆ. ಅದಕ್ಕೆ ವಿಕಿರಣದ ಗುರುತು ಹಚ್ಚಿಬಿಟ್ಟರೆ ಎಲ್ಲಿ ಗುರುತೋ ಅಲ್ಲಿ ವಾಲ್ವು. 1987ರಲ್ಲಿ ಅದನ್ನು ಬೇರ್ಪಡಿಸಿ ನೋಡಿದಾಗ ಅದು ದೈತ್ಯ. ನಾಲ್ಕು ಭಾಗಗಳು ಸೇರಿ ಸುಮಾರು 20,000 ಕೊಂಡಿಗಳು. 2016ರಲ್ಲಿ ಹಂದಿಯ ಗುಂಡಿಗೆಯಿಂದ ತೆಗೆದ ಈ ವಾಲ್ವಿನ ಆಕಾರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮುಚ್ಚಿದ ಸ್ಥಿತಿಯಲ್ಲಿಯೂ ತೆರೆದ ಸ್ಥಿತಿಯಲ್ಲಿಯೂ ಕಂಡದ್ದಾಯಿತು. ಪಂಪಿನ ಆಕಾರವನ್ನು ಟೋಕಿಯೋದ ತೊಯೋಶಿಮಾ 2000ದಲ್ಲಿಯೇ ಕಂಡಿದ್ದರು.

ಇನ್ನು ಹೊರಪೊರೆಯ ಚಿಕ್ಕ ಬಾಗಿಲು. ಅದನ್ನು ಮೊಲದ ಸ್ನಾಯುವಿನಿಂದ 1984ರಲ್ಲಿ ಕರ್ಟಿಸ್ ಮತ್ತು ಕ್ಯಾಟರಾಲ್ ಹೊರತೆಗೆದರು. ಅವರು ಬಳಸಿದ ಸೋಪು ಡಿಜಿಟೋನಿನ್. ಡಿಜಿಟಾಲಿಸ್ ಎಂಬ ಹೂಗಿಡದಿಂದ ಬರುವ ವಸ್ತು ಅದು. ಅದೇ ಗಿಡದ ಎಲೆಯನ್ನು ಗುಂಡಿಗೆಯ ಮದ್ದಾಗಿ ಬಳಸಬಹುದೆಂದು ಇಂಗ್ಲೆಂಡಿನ ವಿದರಿಂಗ್ 1785ರಲ್ಲಿಯೇ ಬರೆದಿದ್ದರು. ಆ ಮದ್ದು ಹಿಡಿಯುವುದು ಇನ್ನೊಂದು ಪೊರೆಯ ಪ್ರೋಟೀನನ್ನು. ಅದು ಸೋಡಿಯಂ ಪಂಪು. 1957ರಲ್ಲಿ ಡೆನ್ಮಾರ್ಕಿನ ಸ್ಕೌ ಇದನ್ನು ಏಡಿಯ ಕಾಲಿನ ನರದಲ್ಲಿ ಕಂಡು 1997ರಲ್ಲಿ ನೊಬೆಲ್ ಬಹುಮಾನ ಪಡೆದರು. ಸೋಡಿಯಂ ಪಂಪು ತಗ್ಗಿದರೆ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿ ಬಡಿತ ಬಲವಾಗುತ್ತದೆ. ಮಿತಿಮೀರಿದರೆ ತಾಳ ತಪ್ಪಿ ಪ್ರಾಣಕ್ಕೆ ಬರುತ್ತದೆ. ನಾವು ದೇವರಿಗೆ ಏರಿಸುವ ಕಣಗಿಲೆಯಲ್ಲಿಯೂ ಇದೇ ಬಗೆಯ ವಿಷವಿದೆ. ಬಾಲ್ಕನಿಯಲ್ಲಿ, ಸೊಸೈಟಿಯ ತೋಟದಲ್ಲಿ ಕಣಗಿಲೆ ಇದ್ದ ಮನೆಯವರು ಸಣ್ಣ ಮಕ್ಕಳ ಮೇಲೆ ಕಣ್ಣಿಟ್ಟಿರಲಿ. ಹೂವು ಪೂಜೆಗಿರಲಿ, ಎಲೆ, ಬೀಜ, ಬೇರು ಬಾಯಿಗೆ ಬೇಡ.

ಪ್ರೋಟೀನನ್ನು ಹೊರತೆಗೆದು ನೋಡುವುದು ಒಂದು ದಾರಿಯಾದರೆ, ಇದ್ದಲ್ಲಿಯೇ ಅದನ್ನು ಕೆಡಿಸಿ ಏನಾಗುವುದೆಂದು ನೋಡುವುದು ಇನ್ನೊಂದು ದಾರಿ. ಅದರ ಒಂದು ಒಳ್ಳೆಯ ಉದಾಹರಣೆ ನಮ್ಮ ಹತ್ತಿರದ್ದೇ. ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಕೆ. ಎಸ್. ಕೃಷ್ಣನ್ ಅವರೂ ಸೇರಿದ್ದ ಒಂದು ತಂಡ, ಬಾಳೆಹಣ್ಣಿನ ಮೇಲೆ ಹಾರಾಡುವ ಪುಟ್ಟ ನೊಣಗಳಲ್ಲಿ ಕ್ಯಾಲ್ಸಿಯಂ ಪಂಪು ದೋಷಗೊಂಡ ತಳಿಯನ್ನು ಕುರಿತು 2005ರಲ್ಲಿ ಬರೆಯಿತು. ಬಿಸಿ ಏರಿಸಿದರೆ ಈ ನೊಣ ಮರವಟ್ಟು ಬಿದ್ದುಬಿಡುತ್ತದೆ. ಅದಕ್ಕೆ ಇಟ್ಟ ಹೆಸರು ಕುಂಭಕರ್ಣ! ಮರುವರ್ಷ ಬಂದ ಇನ್ನೊಂದು ಲೇಖನದಲ್ಲಿ, ಈ ಪಂಪು ಕೆಟ್ಟಾಗ ನೊಣದ ಗುಂಡಿಗೆಯ ಬಡಿತವೂ ನಿಧಾನವಾಗಿ ತಾಳ ತಪ್ಪುವುದೆಂದು ತೋರಿಸಲಾಯಿತು. ಮನುಷ್ಯನಲ್ಲಿರುವ ಪಂಪೂ ನೊಣದಲ್ಲಿರುವ ಪಂಪೂ ಒಂದೇ ಮನೆತನದವು.

ಈಗ ಮೊದಲ ಪ್ರಶ್ನೆಗೆ ಬರೋಣ. 1960ರ ದಶಕದಲ್ಲಿ ಜರ್ಮನಿಯ ಫ್ಲೆಕೆನ್‌ಸ್ಟೈನ್ ಎಂಬವರು ಕೆಲವು ಮದ್ದುಗಳು ಗುಂಡಿಗೆಯ ಮೇಲೆ ಮಾಡುವ ಪರಿಣಾಮ, ಕ್ಯಾಲ್ಸಿಯಂ ತೆಗೆದುಬಿಟ್ಟರೆ ಆಗುವ ಪರಿಣಾಮದಂತೆಯೇ ಇದೆಯೆಂದು ಕಂಡರು. ಆಮ್ಲೋಡಿಪಿನ್ ಅದೇ ಬಳಗಕ್ಕೆ ಆಮೇಲೆ ಸೇರಿದುದು. ಅದು ಹೊರಪೊರೆಯ ಚಿಕ್ಕ ಬಾಗಿಲನ್ನು ಹಿಡಿಯುತ್ತದೆ. ಅದೂ ಹೆಚ್ಚಾಗಿ ರಕ್ತನಾಳಗಳ ಗೋಡೆಯಲ್ಲಿ. ಗೋಡೆಯ ಬಿಗಿ ಸಡಿಲಿ ಒತ್ತಡ ಇಳಿಯುತ್ತದೆ. ಅದು ರಕ್ತದ ಕ್ಯಾಲ್ಸಿಯಮ್ಮನ್ನು ಕಡಮೆ ಮಾಡುವುದಿಲ್ಲ, ಎಲುಬಿನಿಂದ ಕಸಿಯುವುದೂ ಇಲ್ಲ. ಇತ್ತ ನೀವು ನುಂಗಿದ ಕ್ಯಾಲ್ಸಿಯಂ ಗುಳಿಗೆಯಾದರೂ ನೇರವಾಗಿ ಗುಂಡಿಗೆಗೆ ನುಗ್ಗುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣವನ್ನು ಕುತ್ತಿಗೆಯಲ್ಲಿರುವ ಪುಟ್ಟ ಗ್ರಂಥಿಗಳು ಬಿಗಿಯಾದ ಮಿತಿಯೊಳಗೆ ಹಿಡಿದಿರುತ್ತವೆ. ಆದುದರಿಂದ ವೈದ್ಯರು ಹೇಳಿದ ಅಳತೆಯಲ್ಲಿ ಎರಡೂ ಜೊತೆಯಾಗಿ ಸಾಗಬಹುದು. ಆದರೆ ಕೆಲವು ಮೂತ್ರದ ಗುಳಿಗೆಗಳು ಕ್ಯಾಲ್ಸಿಯಮ್ಮನ್ನು ಮೈಯಲ್ಲಿಯೇ ಉಳಿಸುತ್ತವೆ. ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಕ್ಯಾಲ್ಸಿಯಂ ಹೆಚ್ಚಾದರೆ ಅಪಾಯ. ಮೂತ್ರಕೋಶದಲ್ಲಿ ಕಲ್ಲು ಇರುವವರೂ ಎಚ್ಚರದಿಂದಿರಬೇಕು. ಅದಕ್ಕೇ ನಾವು ಹೇಳುವುದಿಷ್ಟು: ಥಾಣೆಯ ಡಾಕ್ಟರು ಕೊಟ್ಟದ್ದು, ಊರಿನ ಡಾಕ್ಟರು ಕೊಟ್ಟದ್ದು, ಮಗಳು ಫೋನಿನಲ್ಲಿ ಹೇಳಿ ತರಿಸಿದ್ದು, ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬ ವೈದ್ಯರ ಮುಂದೆ ಸುರಿಯಿರಿ. ಪಾದ ಊದಿತೆಂದು ಒತ್ತಡದ ಗುಳಿಗೆಯನ್ನು ತಾವಾಗಿಯೇ ಬಿಡಬೇಡಿ; ಕೇಳಿ ಬದಲಾಯಿಸಿಕೊಳ್ಳಿ.

ಎರಡನೆಯ ಪ್ರಶ್ನೆಗೆ ಉತ್ತರ ಆಗಲೇ ಅರ್ಧ ಬಂದಿದೆ. ವಯಸ್ಸಾದಂತೆ, ಒತ್ತಡ ಹೆಚ್ಚಿದಂತೆ, ಕ್ಯಾಲ್ಸಿಯಮ್ಮನ್ನು ಎತ್ತುವ ಕೆಲಸ ನಿಧಾನವಾಗುತ್ತದೆ, ಸ್ನಾಯುವೂ ಗಡುಸಾಗುತ್ತದೆ. ಗುಂಡಿಗೆ ಸಡಿಲವಾಗಲು ತಡಮಾಡುತ್ತದೆ. ಗ್ರೇಡ್ ಒಂದು ಎಂಬುದು ಹಿರಿಯರಲ್ಲಿ ಸಾಮಾನ್ಯ; ಕಾಗದ ಕಂಡು ಎದೆಯೊಡೆದುಕೊಳ್ಳಬೇಕಾಗಿಲ್ಲ. ಕಡೆಗಣಿಸಲೂ ಬಾರದು. ಒತ್ತಡವನ್ನು ಹತೋಟಿಯಲ್ಲಿಡುವುದು, ಉಪ್ಪಿನಕಾಯಿ ಹಪ್ಪಳಗಳನ್ನು ಮಿತಿಗೊಳಿಸುವುದು, ದಿನವೂ ನಡೆಯುವುದು ಇದಕ್ಕೆ ದಾರಿ. ಮೆಟ್ಟಿಲು ಹತ್ತುವಾಗ ಮೊದಲಿಲ್ಲದ ಏದುಸಿರು ಬಂದರೆ, ರಾತ್ರಿ ಮಲಗಿದರೆ ಉಸಿರು ಕಟ್ಟಿದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯದೆ ವೈದ್ಯರಿಗೆ ತಿಳಿಸಬೇಕು.

ಪಂಪು ಸೋತರೆ ಹೊಸ ಪಂಪು ಹಾಕಬಾರದೇಕೆ ಎಂದು ಕೇಳಬಹುದು. ಹಾಕಿ ನೋಡಿದ್ದಾರೆ. ಗುಂಡಿಗೆ ಸೋತ 250 ಮಂದಿಯನ್ನು ಆರಿಸಿಕೊಂಡು, ಪಂಪಿನ ಜೀನನ್ನು ನಿರಪಾಯ ವೈರಸ್ಸಿನ ಮೂಲಕ ಕಳಿಸುವ ಪ್ರಯೋಗವೊಂದನ್ನು ಹಲವು ದೇಶಗಳಲ್ಲಿ ನಡೆಸಿದರು. 2015ರಲ್ಲಿ ಫಲಿತಾಂಶ ಬಂತು. ಜೀನು ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಪೊರೆಯ ಪ್ರೋಟೀನನ್ನು ಹೊರತೆಗೆಯುವುದು ಎಷ್ಟು ಕಷ್ಟವೋ ಮರಳಿ ಒಳಗಿಡುವುದು ಅದಕ್ಕಿಂತ ಕಷ್ಟ. ದಾರಿ ಹುಡುಕುವವರು ಮಾತ್ರ ಸುಮ್ಮನೆ ಕುಳಿತಿಲ್ಲ.

ಕೊನೆಗೆ ತಾಯಿತಂದೆಯರಿಗೆ ಒಂದು ಮಾತು. ಈ ಸಲದ ಬರಹದಲ್ಲಿ ಮರೆಯಬಾರದ್ದು ಇದೇ. 2001ರಲ್ಲಿ ಟಾಂಕಿಯ ವಾಲ್ವಿನ ಜೀನಿನಲ್ಲಿ ಹುಟ್ಟಿನಿಂದ ಬರುವ ದೋಷವೊಂದನ್ನು ಗುರುತಿಸಿದರು. ಅದಿರುವ ಮಗು ನೋಡಲು ಗಟ್ಟಿಮುಟ್ಟು. ಮಲಗಿಸಿ ತೆಗೆದ ಇ.ಸಿ.ಜಿ. ಸರಿ, ಎಕೊ ಸರಿ. ಆದರೆ ಓಡುವಾಗ, ಈಜುವಾಗ, ಹೆದರಿದಾಗ ವಾಲ್ವು ಹೊತ್ತಲ್ಲದ ಹೊತ್ತಿನಲ್ಲಿ ಸೋರಿ, ತಾಳ ತಪ್ಪಿ, ಮಗು ಪ್ರಜ್ಞೆತಪ್ಪಿ ಬೀಳುತ್ತದೆ. ಪ್ರಾಣವೇ ಹೋಗುವುದುಂಟು. ಅದೇ ವರ್ಷ ಟಾಂಕಿಯೊಳಗೆ ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಇನ್ನೊಂದು ಪ್ರೋಟೀನಿನ ದೋಷವೂ ಸಿಕ್ಕಿತು. ಅದು ಕಂಡುಬಂದದ್ದು ಹತ್ತಿರದ ಸಂಬಂಧದಲ್ಲಿಯೇ ಮದುವೆಯಾಗುವ ಬೆದೂಯಿನ್ ಕುಟುಂಬಗಳಲ್ಲಿ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿ ನಮ್ಮಲ್ಲಿಯೂ ಇದ್ದುದರಿಂದ ಈ ಮಾತು ನಮಗೂ ತಟ್ಟಬೇಕಾದುದೇ.

ಈ ರೋಗ ಅಪರೂಪ. ಆಟದಲ್ಲಿ ಬಿದ್ದ ಮಕ್ಕಳಿಗೆಲ್ಲ ಇದೇ ಎಂದು ನಾವು ಹೇಳುವುದಿಲ್ಲ. ಆದರೆ ಶಾಲೆಯ ಸ್ಪೋರ್ಟ್ಸ್ ದಿನ ಓಡುತ್ತಿರುವಾಗಲೇ, ಈಜುಕೊಳದಲ್ಲಿ ಇಳಿದಾಗಲೇ ಮಗು ಮೂರ್ಛೆಹೋದರೆ, "ಬಿಸಿಲು ತಗಲಿತು", "ಬೆಳಗ್ಗೆ ತಿಂಡಿ ತಿಂದಿರಲಿಲ್ಲ", "ದೃಷ್ಟಿಯಾಯಿತು" ಎಂದು ನಿವಾಳಿಸಿ ಸುಮ್ಮನಾಗಬೇಡಿ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡವರು, ಈಜಬಲ್ಲವರಾಗಿಯೂ ನೀರಿನಲ್ಲಿ ಮುಳುಗಿದವರು ಇದ್ದರೋ ಎಂದು ಅಜ್ಜ-ಅಜ್ಜಿಯರನ್ನು ವಿಚಾರಿಸಿ, ಹೃದ್ರೋಗ ತಜ್ಞರಿಗೆ ಹೇಳಿ. ಓಡಿಸುತ್ತಾ ಇ.ಸಿ.ಜಿ. ತೆಗೆಯುವ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಬಚ್ಚಿಟ್ಟದ್ದು ಹೊರಬೀಳುತ್ತದೆ. ಗೊತ್ತಾದರೆ ಇದಕ್ಕೆ ಮದ್ದುಂಟು; ಅಡ್ರಿನಾಲಿನ್ನಿನ ಆರ್ಭಟವನ್ನು ತಗ್ಗಿಸುವ ಹಳೆಯ, ಸುಲಭವಾಗಿ ದೊರೆಯುವ ಗುಳಿಗೆಗಳಿಂದಲೇ ಚಿಕಿತ್ಸೆ ಮೊದಲಾಗುತ್ತದೆ. ಗೊತ್ತಾಗದಿದ್ದರೆ ಮಾತ್ರ ಉಪಾಯವಿಲ್ಲ.